ತಿಟ್ಟಿನ ಕಲ್ಲು

ಮದುವೆಯಾಗಿ ಬಂದ ಮೊದಲ ವರ್ಷದ ಮಾಲಯ ಅಮಾವಾಸ್ಯೆಯ ದಿನ ನನ್ನ ಅತ್ತೆ ಒಂದು ಬುಟ್ಟಿಯನ್ನು ನನ್ನ ತಲೆಗೆ ಹೊರಿಸಿ, "ನಡಿ ಮಗ, ನಿಮ್ಮಾವನ್ನ ನೋಡ್ಕಂಡು ಬರಾನ" ಎಂದರು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ನಾನು ಅವರ ಮುಖ ಕಂಡವಳಲ್ಲ. ಗೋಡೆಯ ಮೇಲಿದ್ದ ಫೋಟೋದಲ್ಲೂ ಅರ್ಧ ಮುಖವನ್ನು ಗೆದ್ದಲು ತಿಂದಿತ್ತು. ಬುಟ್ಟಿಯಲ್ಲಿ ಮುದ್ದೆ, ಬಾಡಿನ ಸಾರು, ಒಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಒಂದು ಸಾರಾಯಿ ಪಾಕೀಟು ಇದ್ದವು.

ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದು ನಮ್ಮ ಕಡೆಯೂ ಉಂಟು. ನನ್ನ ತವರು ಮಾಗಡಿ ತಾಲ್ಲೂಕು, ಕಲ್ಯದ ಹತ್ತಿರ. ಅಲ್ಲಿ ಎಡೆ ಇಡುವುದು ಮನೆಯೊಳಗೆ, ಗೋಡೆಯ ಬದಿಗೆ ಇಟ್ಟ ಕಳಶದ ಮುಂದೆ. ಬಾಗಿಲು ಹಾಕಿಕೊಂಡು ಹೊರಗೆ ಕೂತರೆ ಹಿರಿಯರೇ ಬಂದು ಉಂಡು ಹೋಗುತ್ತಾರೆ. ಸೊಂಟಮಟ್ಟದ ಹೊಳೆ ನೀರಿನಲ್ಲಿ ಬುಟ್ಟಿ ಹೊತ್ತು ನಾವೇ ಅವರನ್ನು ಹುಡುಕಿಕೊಂಡು ಹೋಗುವುದನ್ನು ನಾನು ಕೇಳಿಯೂ ಇರಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇದ್ದಾಳೆಯೇ ಎಂಬ ಗಾದೆಯನ್ನು ಯಾರೋ ನನ್ನನ್ನು ನೋಡಿಯೇ ಮಾಡಿದ್ದಾರೆ ಅನ್ನಿಸಿ ಸಿಟ್ಟು ಬಂತು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ನಡೆದೆ.

ಗಂಡನ ಊರು ಕನಕಪುರ ತಾಲ್ಲೂಕಿನ ತುತ್ತತುದಿ. ಊರ ಹಿಂದೆ ಕಾವೇರಿಗೆ ಹೋಗಿ ಸೇರುವ ಒಂದು ದೊಡ್ಡ ಹಳ್ಳ. ಊರವರು ಅದನ್ನು ಹೊಳೆ ಎಂದೇ ಕರೆಯುತ್ತಾರೆ. ಈಚೆ ದಡ ಕರ್ನಾಟಕ, ಆಚೆ ದಡ ತಮಿಳುನಾಡು. ಆಚೆಯವರೂ ಮುಕ್ಕಾಲು ಪಾಲು ಕನ್ನಡವೇ ಆಡುತ್ತಾರೆ, ಒಸಿ ರಾಗ ಬೇರೆ ಅಷ್ಟೆ. ನಡುನೀರಿನಲ್ಲಿ ಒಂದು ತಿಟ್ಟು, ಅಂದರೆ ಮರಳು ಮತ್ತು ಮೆಕ್ಕಲು ಮಣ್ಣು ಸೇರಿ ಎದ್ದ ನಡುಗಡ್ಡೆ. ಬೇಸಿಗೆಯಲ್ಲಿ ನಮ್ಮವರು ಅಲ್ಲಿ ಹುರುಳಿ, ಸೌತೆ ಬೆಳೆಯುತ್ತಿದ್ದರು. ನೆಲ ನಮ್ಮದಾದ್ದರಿಂದ ಮಾವನನ್ನೂ ಅಲ್ಲೇ ಮಣ್ಣು ಮಾಡಿ, ಬೇಲಿಗೆ ಕಂಬವಾಗಿ ನೆಡಲು ತಂದಿದ್ದ ಕಲ್ಲುಕೂಚದ ಮುರುಕು ತುಂಡೊಂದನ್ನು ತಲೆಯ ಕಡೆ ನೆಟ್ಟಿದ್ದರಂತೆ. ರಾಮನಗರದ ಸೀಮೆಯಲ್ಲಿ ಕಲ್ಲಿಗೇನು ಬರ. ಬೇಲಿಗೂ ಕಲ್ಲು, ದನ ಕಟ್ಟುವುದಕ್ಕೂ ಕಲ್ಲು, ಸತ್ತವನ ತಲೆಗೂ ಅದೇ ಕಲ್ಲು.

"ಅಪ್ಪ ಹೋದ ಮಾರನೇ ವರ್ಷ ಹೊಳೆ ಹೆಂಗ್ ಬಂತು ಗೊತ್ತಾ? ತಿಟ್ಟೇ ಮುಳುಗೋಯ್ತು" ಎಂದು ನನ್ನ ಗಂಡ ನೀರಿನಲ್ಲಿ ನನ್ನ ಕೈ ಹಿಡಿದು ನಡೆಸುತ್ತಾ ಹೇಳಿದರು. "ನೀರಿಳಿದ ಮ್ಯಾಲೆ ಅವ್ವ ಹೋಗಿ ನೋಡಿದ್ರೆ ಗಿಡ ಇಲ್ಲ, ಮರ ಇಲ್ಲ. ಕಲ್ಲು ಮಾತ್ರ ನಿಂತೈತೆ."

ಅತ್ತೆಗೆ ಆ ಕಲ್ಲೆಂದರೆ ಗಂಡನೇ. ಎಣ್ಣೆ, ಅರಿಸಿನ, ಕುಂಕುಮ ಮೆತ್ತಿ ಮೆತ್ತಿ ಅದು ದಪ್ಪವಾಗಿ, ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ನಾನು ಬುಟ್ಟಿ ಇಳಿಸಿ ಎಲೆ ಹಾಸುವಾಗ ಕಲ್ಲಿನ ಮೇಲೆ ಮೂರು ಬಿಳಿ ಗೆರೆ ಕಂಡೆ. ವಿಭೂತಿ. ಬುಡದಲ್ಲಿ ಒಣಗಿದ ಹೂವಿನ ದಂಡೆ, ಎಣ್ಣೆ ಆರಿದ ಒಂದು ಮಣ್ಣಿನ ದೀಪ. ಇವರದು ನಾಮದ ಮನೆ. ಯಾರೂ ವಿಭೂತಿ ಇಡುವವರಲ್ಲ.

"ಇದನ್ನ ಯಾರು ಇಟ್ರು ಅತ್ತೆ?" ಎಂದು ಕೇಳಿದೆ.

"ಅವ್ರೇ ಇಟ್ಕಂಡವ್ರೆ. ಶಿವನ ಪಾದ ಸೇರಿದ ಮ್ಯಾಲೆ ಇನ್ನೇನ್ ಇಟ್ಕಂತಾರೆ?" ಎಂದರು ಅತ್ತೆ, ಸಾರು ಬಡಿಸುತ್ತಾ. ಪ್ರತಿ ವರ್ಷವೂ ಹೀಗೇ ಇರುತ್ತದಂತೆ. ಮಾವ ಸತ್ತ ಮೇಲೆ ಮತ ಬದಲಾಯಿಸಿದರು ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಆದರೆ ಹೊರಡುವಾಗ ಹಿಂದೆ ತಿರುಗಿ ನೋಡಬಾರದು ಎಂದು ಅತ್ತೆ ಹೇಳಿದಾಗ ನೋಡಲಿಲ್ಲ.

ಅತ್ತೆಗೆ ಇದ್ದ ಆಸೆ ಒಂದೇ. ತಾನು ಸತ್ತರೆ ಆ ಕಲ್ಲಿನ ಎಡಕ್ಕೆ ಮಲಗಿಸಬೇಕು. ಜಾಗವನ್ನು ಅವರೇ ಗುದ್ದಲಿಯಿಂದ ಸವರಿ ತೋರಿಸಿದ್ದರು. ಬದುಕಿದ್ದಾಗ ಸರಿಯಾಗಿ ಒಂದು ಮಾತಾಡದ ಗಂಡನಂತೆ. ಹೋಗುವ ಹಿಂದಿನ ದಿನ ಮಾತ್ರ, "ನೀನು ಉಂಡ್ಯಾ?" ಎಂದು ಕೇಳಿದನಂತೆ. ಆ ಒಂದು ಮಾತನ್ನು ಅತ್ತೆ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡವರ ಹಾಗೆ ಬದುಕುತ್ತಿದ್ದರು. ಅವನು ಉಂಡನೋ ಇಲ್ಲವೋ ಎನ್ನುವುದು ಅವರಿಗೆ ದೊಡ್ಡ ವಿಷಯ. ಎಡೆ ಇಟ್ಟ ಮಾರನೆಯ ದಿನ ಮಗನನ್ನು ಕಳಿಸಿ ಎಲೆ ಬರಿದಾಗಿದೆಯೇ ಎಂದು ನೋಡಿಸುತ್ತಿದ್ದರು. ಯಾವಾಗಲೂ ಬರಿದಾಗಿರುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ನಮ್ಮ ಸೀಮೆಯ ಗಾಳಿಯೇ ಬದಲಾಯಿತು. ಬಿಡದಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದವು. ನನ್ನ ಗಂಡನಿಗೂ ಅಲ್ಲೊಂದು ಕೆಲಸ ಸಿಕ್ಕಿ, ಬೈರಮಂಗಲದಲ್ಲಿ ಬಾಡಿಗೆ ರೂಮು ಮಾಡಿ, ವಾರಕ್ಕೊಮ್ಮೆ ಊರಿಗೆ ಬರತೊಡಗಿದರು. ನಾನು ಕನಕಪುರದ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆದೆ. ಕಾರ್ಖಾನೆಗೂ ಲೇಔಟಿಗೂ ಮರಳು ಬೇಕು. ಮರಳಿನ ಲಾರಿಗಳು ನಮ್ಮ ಹೊಲದ ಅಂಚಿನಲ್ಲೇ ದಾರಿ ಕೊರೆದುಕೊಂಡು ಹೊಳೆಗೆ ಇಳಿದವು. ಬೇಡ ಎಂದವರು ಯಾರೂ ಇಲ್ಲ, ನಾವೂ ಅನ್ನಲಿಲ್ಲ. ಈಚೆ ದಡದ ಮರಳನ್ನು ತೋಡಿ ತೋಡಿ ನೀರೆಲ್ಲ ಈಚೆಗೇ ಸರಿದು, ಆಳವಾಗಿ ಹರಿಯತೊಡಗಿತು. ಆಚೆ ಕಡೆಯ ಕವಲು ಬತ್ತಿತು. ಮೊದಲು ನಾವು ನಡೆದು ಹೋಗುತ್ತಿದ್ದ ತಿಟ್ಟಿಗೆ ಈಗ ಆಚೆಯವರು ಕಾಲು ಒದ್ದೆಯಾಗದೆ ಬರಬಹುದಿತ್ತು. ನಮಗೆ ತೆಪ್ಪ ಬೇಕಾಯಿತು. ಸತ್ತ ಮಾವ ಅಲುಗಾಡದೆ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದಂತಾಯಿತು.

ತಿಟ್ಟು ಯಾರದು ಎಂಬ ಜಗಳ ಹುಟ್ಟಿದ್ದು ಹಾಗೆ. ಹೊಳೆಯ ನಡುವೇ ಗಡಿ ಎಂದು ಆಚೆಯವರು, ನಡು ಎಂದರೆ ಹಳೆಯ ಹೊಳೆಯ ನಡು ಎಂದು ಈಚೆಯವರು. ತೆಪ್ಪ ಕಸಿದರು, ಲಾರಿಯ ಗಾಜು ಒಡೆದರು, ಎರಡು ಕಡೆಯ ಪೊಲೀಸರು ಬಂದು ಟೀ ಕುಡಿದು ಹೋದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ಅದು ಕೋರ್ಟಿಗೆ ಹೋಗಿ, ಎರಡು ಸರ್ಕಾರಗಳೂ ಕೂಡಿ ಅಳತೆ ಮಾಡುವ ತನಕ ಯಥಾಸ್ಥಿತಿ ಕಾಪಾಡಬೇಕು, ಯಾರೂ ತಿಟ್ಟಿಗೆ ಕಾಲಿಡಬಾರದು ಎಂದು ಆಜ್ಞೆಯಾಯಿತು. ಯಥಾಸ್ಥಿತಿ ಎಂಬ ಪದವನ್ನು ನಾನು ದಿನಕ್ಕೆ ಹತ್ತಾರು ಸಲ ಟೈಪ್ ಮಾಡುತ್ತಿದ್ದವಳು. ಅದು ಮನುಷ್ಯರಿಗೆ ಜಾರಿಯಾಗುತ್ತದೆ, ಹೊಳೆಗೆ ಜಾರಿಯಾಗುವುದಿಲ್ಲ. ದಡ ದಿನಾ ಒಂದೊಂದು ಹೆಂಟೆ ಕುಸಿಯುತ್ತಲೇ ಇತ್ತು. ರಾತ್ರಿ ಮಲಗಿದರೆ ಮಣ್ಣು ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು, ಯಾರೋ ಹಿಂದಿನ ಬಾಗಿಲಲ್ಲಿ ಕಾಲು ತೊಳೆದ ಹಾಗೆ.

ಆ ವರ್ಷದ ಅಮಾವಾಸ್ಯೆಗೆ ಎಡೆ ಕೊಂಡೊಯ್ಯಲು ಆಗಲಿಲ್ಲ. ದಡದಲ್ಲಿ ಇಬ್ಬರು ಪೇದೆಗಳನ್ನು ಕೂರಿಸಿದ್ದರು. ಅತ್ತೆ ಅವರ ಕಾಲಿಗೆ ಬೀಳುವುದೊಂದು ಬಾಕಿ. "ಒಂದ್ ಗಳಿಗೆ ಕಣಪ್ಪ, ಇಕ್ಬುಟ್ಟು ಬಂದ್ಬುಡ್ತೀನಿ. ವರ್ಷಕ್ಕೊಂದು ದಿನ ಉಣ್ಣೋ ಮನುಸ" ಎಂದರು. ಪೇದೆಗಳಲ್ಲಿ ಚಿಕ್ಕವನು ತಲೆ ತಗ್ಗಿಸಿದ. ದೊಡ್ಡವನು, "ಅಜ್ಜಿ, ಮನೇಲೇ ಇಕ್ಕಿ. ಅವ್ರಿಗೆ ಗೊತ್ತಾಗ್ತದೆ" ಎಂದ. ಅತ್ತೆ ಬುಟ್ಟಿಯನ್ನು ದಡದಲ್ಲೇ ಇಟ್ಟುಕೊಂಡು ಹೊತ್ತು ಮುಳುಗುವ ತನಕ ಕೂತರು. ನಾನೂ ಪಕ್ಕದಲ್ಲಿ ಕೂತೆ. ಸಾರಿನ ಮೇಲೆ ಕೆನೆಗಟ್ಟಿತು.

ಕತ್ತಲು ಇಳಿಯುವ ಹೊತ್ತಿಗೆ ತಿಟ್ಟಿನ ಮೇಲೆ, ಸರಿಯಾಗಿ ಕಲ್ಲು ಇದ್ದ ಕಡೆ, ಒಂದು ದೀಪ ಹತ್ತಿಕೊಂಡಿತು.

ಟಾರ್ಚ್ ಅಲ್ಲ, ಬೀಡಿಯ ಕಿಡಿಯೂ ಅಲ್ಲ. ಸಣ್ಣ ಹಳದಿ ಉರಿ, ಬತ್ತಿಯ ದೀಪ. ಗಾಳಿ ಬೀಸುತ್ತಿತ್ತು, ದಡದ ಜೊಂಡೆಲ್ಲ ಬಾಗುತ್ತಿತ್ತು. ಉರಿ ಮಾತ್ರ ಅಲುಗಲಿಲ್ಲ. ದೊಡ್ಡ ಪೇದೆ ಎದ್ದು, "ಯಾರ್ಲಾ ಅದು?" ಎಂದು ಕೂಗಿದ. ಇನ್ನೊಮ್ಮೆ ಕೂಗಲು ಅವನಿಗೂ ಮನಸ್ಸಾಗಲಿಲ್ಲ, ಮತ್ತೆ ಕೂತ. ನನಗೆ ದೆವ್ವದ ಭಯವಿಲ್ಲ, ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವಳಿಗೆ ಮನುಷ್ಯರ ಭಯವೇ ಸಾಕು. ಆದರೂ ಅವತ್ತು ಹೆದರಿದೆ, ಸುಳ್ಳೇಕೆ ಹೇಳಲಿ. ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರ ಕೈ ಬೆಚ್ಚಗಿತ್ತು.

"ಕಾಯ್ತಾವ್ರೆ ಕಣಮ್ಮಿ" ಎಂದರು. "ಎಡೆ ಬರ್ಲಿಲ್ಲ ಅಂತ ದೀಪ ಹಚ್ಕಂಡು ಕಾಯ್ತಾವ್ರೆ."

ಅವತ್ತಿನಿಂದ ಅತ್ತೆ ಇಳಿದುಹೋದರು. ಊಟಕ್ಕೆ ಕೂತರೆ ಅರ್ಧ ಮುದ್ದೆ ಪಕ್ಕಕ್ಕೆ ಸರಿಸುವರು. ಕೇಳಿದರೆ, ಅವನು ಉಂಡಿಲ್ಲ ಎನ್ನುವರು. ತಿಟ್ಟು ಆಚೆಯವರ ಪಾಲಾದರೆ ತನ್ನನ್ನು ಎಲ್ಲಿ ಹೂಳುತ್ತೀರಿ ಎಂಬುದು ಬೆಳಗಿನ ಪ್ರಶ್ನೆ, ಅದೇ ಸಂಜೆಯ ಪ್ರಶ್ನೆ. ನಾನು ನಮ್ಮ ವಕೀಲರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಇಂಥಾ ಕೇಸಲ್ಲಿ ಗೆದ್ದವನು ಸೋತ, ಸೋತವನು ಸತ್ತ. ನಿಮ್ಮತ್ತೆಗೆ ಆಯಸ್ಸು ಗಟ್ಟಿ ಇರಲಿ ಅಂತ ಬೇಡ್ಕೊಳ್ಳಮ್ಮ" ಎಂದರು. ಅದನ್ನು ಮನೆಯಲ್ಲಿ ಹೇಳಲಿಲ್ಲ.

ಮಾರನೆಯ ಬೇಸಿಗೆಯಲ್ಲಿ ಕೊನೆಗೂ ಅಳತೆ ಬಂತು. ಎರಡು ಕಡೆಯ ಸರ್ವೆಯವರು, ಎರಡು ಜೀಪು, ಮುಕ್ಕಾಲಿಯ ಮೇಲೆ ನಿಲ್ಲಿಸುವ ಯಂತ್ರ, ಸರಪಳಿ. ದಡದ ಹಿಡುವಳಿದಾರರೆಲ್ಲ ಹಾಜರಿರಬೇಕೆಂದು ನೋಟಿಸು ಬಂದಿತ್ತು. ನನ್ನ ಗಂಡ ರಜೆ ಹಾಕಿ ಬಂದರು. ಅತ್ತೆ ಹಟ ಹಿಡಿದು ತೆಪ್ಪ ಹತ್ತಿದರು, ಬಿಟ್ಟುಹೋದರೆ ಈಜಿಕೊಂಡು ಬತ್ತೀನಿ ಎಂದರು. ಈಜು ಬಾರದವರು.

ಆಚೆ ದಡದಿಂದಲೂ ಜನ ಬಂದಿದ್ದರು. ಅವರಲ್ಲಿ ಅತ್ತೆಯ ವಯಸ್ಸಿನ ಒಬ್ಬ ಹೆಂಗಸು, ಹಣೆಯ ತುಂಬ ವಿಭೂತಿ. ಆಕೆ ನೇರವಾಗಿ ಬಂದು ನಮ್ಮ ಕಲ್ಲಿನ ಮುಂದೆ ಕೂತು ಕೈ ಮುಗಿದು, ಸೆರಗಿನಿಂದ ಅದರ ಧೂಳು ಒರೆಸತೊಡಗಿದರು. ಅತ್ತೆ ನಿಂತಲ್ಲೇ ಕಲ್ಲಾದರು.

"ಏನವ್ವಾ, ನಮ್ಮ ಯಜಮಾನ್ರನ್ನ ಯಾಕೆ ಮುಟ್ತೀಯ?" ಎಂದು ಕೇಳಿದರು.

ಆ ಹೆಂಗಸು ತಲೆಯೆತ್ತಿ, "ಯಾವ ಯಜಮಾನ್ರು ಅಕ್ಕಾ? ಇದು ನಮ್ಮಣ್ಣ" ಎಂದರು.

ಅವರಣ್ಣನನ್ನೂ ಇದೇ ತಿಟ್ಟಿನಲ್ಲಿ ಹೂಳಿದ್ದರಂತೆ. ಅವರೂ ತಲೆಗೆ ಕಲ್ಲು ನೆಟ್ಟಿದ್ದರಂತೆ. ಅದೇ ದೊಡ್ಡ ಹೊಳೆ ಬಂದು ಹೋದ ಮೇಲೆ ಬಂದು ನೋಡಿದರೆ ಒಂದೇ ಒಂದು ಕಲ್ಲು ಉಳಿದಿತ್ತಂತೆ. ಅಣ್ಣ ಎಲ್ಲೂ ಹೋಗಿಲ್ಲ ಎಂದು ಅಪ್ಪಿಕೊಂಡು ಅತ್ತರಂತೆ. ಅವರು ಬರುವುದು ಆಡಿ ಅಮಾವಾಸ್ಯೆಗೆ, ಅಂದರೆ ನಮಗಿಂತ ಎರಡು ತಿಂಗಳು ಮೊದಲು. ಹಾಗಾಗಿ ಇಷ್ಟು ವರ್ಷ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ವಿಭೂತಿ ಅವರದು, ಹೂವಿನ ದಂಡೆ ಅವರದು. ನಾವು ಮೆತ್ತುತ್ತಿದ್ದ ಅರಿಸಿನವನ್ನು ಕಂಡು ಅಣ್ಣನೇ ಹಚ್ಚಿಕೊಂಡಿದ್ದಾನೆ ಎಂದುಕೊಂಡಿದ್ದರಂತೆ.

ಇಬ್ಬರು ಮುದುಕಿಯರು ಕಲ್ಲಿನ ಆಚೆ ಈಚೆ ಕೂತು ನನ್ನದು ನನ್ನದು ಎಂದು ವಾದಿಸುವಾಗ ಎರಡು ರಾಜ್ಯಗಳೇ ಕೂತಂತೆ ಕಾಣುತ್ತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಬ್ಬರಲ್ಲಿ ಒಬ್ಬರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ ಎಂದು ಗೊತ್ತಿತ್ತು.

ಹಾಗೂ ಆಗಲಿಲ್ಲ. ಸರ್ವೆಯವರಲ್ಲಿ ಒಬ್ಬ ಹುಡುಗ ನಕ್ಷೆ ನೋಡಿ, ಯಂತ್ರ ನೋಡಿ, ನಮ್ಮ ಹತ್ತಿರವೇ ಬಂದು ನಿಂತ. "ಇಲ್ಲೇ ಇರ್ಬೇಕಲ್ಲ ಸರ್, ಹಳೇ ಗಡಿಕಲ್ಲು" ಎಂದ. ಬಾಟಲಿಯ ಸೀಮೆಎಣ್ಣೆ ಸುರಿದು, ಕಲ್ಲಿನ ನೆತ್ತಿಯನ್ನು ಗೋಣಿಚೀಲದ ತುಂಡಿನಿಂದ ತಿಕ್ಕಿದ. ವರ್ಷಗಟ್ಟಲೆಯ ಎಣ್ಣೆ ಅರಿಸಿನ ವಿಭೂತಿ ಪದರ ಪದರವಾಗಿ ಕಿತ್ತು ಬಂತು. ಅಡಿಯಲ್ಲಿ ಉಳಿಯಿಂದ ಕೊರೆದ ಗುಣಾಕಾರದ ಗುರುತು ಕಾಣಿಸಿತು. ಮೇಲಧಿಕಾರಿ ಬುಡ ಅಗೆಯಲು ಹೇಳಿದರು. ಹಿಂದಿನ ಕಾಲದಲ್ಲಿ ಗಡಿಕಲ್ಲಿನ ಕೆಳಗೆ ಇದ್ದಿಲು, ಮಡಕೆಯ ಚೂರು ಹಾಕಿ ನೆಡುತ್ತಿದ್ದರಂತೆ, ಯಾರಾದರೂ ಕಲ್ಲು ಕಿತ್ತರೂ ಜಾಗ ಗೊತ್ತಾಗಲಿ ಎಂದು. ಗುದ್ದಲಿಗೆ ಮೊದಲು ಮರಳು, ಆಮೇಲೆ ಕಪ್ಪು ಮಣ್ಣು, ಆಮೇಲೆ ಇದ್ದಿಲು ಬಂತು. ಕೆಂಪು ಮಡಕೆಯ ಚೂರುಗಳು ಬಂದವು. ಸುತ್ತ ಆಳುದ್ದ ಅಗೆದರು. ಒಂದು ಮೂಳೆಯೂ ಸಿಗಲಿಲ್ಲ.

ಎಲ್ಲರಿಗೂ ಅರ್ಥವಾಯಿತು. ಮೊದಲಿನಿಂದ ಮರಳಿನಲ್ಲಿ ಹೂತುಹೋಗಿದ್ದ ಗಡಿಕಲ್ಲನ್ನು ಆ ದೊಡ್ಡ ಹೊಳೆ ಬಯಲು ಮಾಡಿತ್ತು. ನಮ್ಮ ಕಲ್ಲುಕೂಚ, ಅವರ ಕಲ್ಲು, ಮಾವ, ಆ ಅಣ್ಣ, ಎಲ್ಲ ಅವತ್ತೇ ನೀರಿನ ಪಾಲಾಗಿದ್ದರು.

ಸರ್ವೆಯವರಿಗೆ ಖುಷಿಯೋ ಖುಷಿ. ಕಲ್ಲಿನ ಫೋಟೋ ತೆಗೆಯುತ್ತಿದ್ದರು. ಅತ್ತೆ ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಸಾಮಿ, ಹಂಗಾರೆ ನಾವಿಕ್ಕಿದ ಎಡೆ ಯಾರು ಉಂಡ್ರು?" ಎಂದು ಕೇಳಿದರು.

ಅಧಿಕಾರಿ ನರಿ, ಕಾಗೆ ಎಂದು ಏನೋ ಗೊಣಗಿದರು.

"ಇಷ್ಟು ವರ್ಷ ಆ ಮನುಸ ಉಪಾಸ ಅವ್ನೆ" ಎಂದರು ಅತ್ತೆ, ಯಾರಿಗೂ ಅಲ್ಲ.

ಆಚೆ ದಡದ ಹೆಂಗಸು ಎದ್ದು ಬಂದು ಅತ್ತೆಯ ಹೆಗಲ ಮೇಲೆ ಕೈ ಇಟ್ಟರು. ಜಗಳ ಅಲ್ಲಿಗೆ ಮುಗಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾನು ಆಕೆಯನ್ನು ಬದಿಗೆ ಕರೆದು, "ಹೋದ ವರ್ಷ ನಮ್ಮ ಅಮಾಸೆ ದಿನ ಇಲ್ಲಿ ದೀಪ ಹಚ್ಚಿದ್ದು ನೀವೇ ಅಲ್ವಾ ಅಮ್ಮಾ?" ಎಂದು ಕೇಳಿದೆ. ಹೌದು ಎನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

ಆಕೆ ನನ್ನ ಮುಖವನ್ನೇ ನೋಡಿದರು. "ನಮ್ಮ ಕಡೇನೂ ಪೊಲೀಸ್ ಇದ್ರಲ್ಲ ಮಗಳೇ. ಯಾರನ್ನೂ ಬಿಡ್ಲಿಲ್ಲ. ದೀಪ ನಾವೂ ನೋಡಿದ್ವಿ. ನೀವು ಹಚ್ಚಿದ್ದು ಅಂದ್ಕೊಂಡ್ವಿ."

ಮರಳು ಕದಿಯುವವರು ಯಾರಾದರೂ ಇರಬೇಕು ಎಂದು ನನ್ನ ಗಂಡ ಹೇಳಿದರು. ನಾನೂ ಹಾಗೇ ಹೇಳಿಕೊಳ್ಳುತ್ತೇನೆ. ಆದರೆ ಕದಿಯಲು ಬಂದವನು ಪೇದೆಗಳ ಕಣ್ಣೆದುರು ದೀಪ ಹಚ್ಚಿಕೊಂಡು ಕೂರುತ್ತಾನೆಯೇ?

ಅತ್ತೆ ಆ ದೀಪದ ಸುದ್ದಿ ಮತ್ತೆ ಎತ್ತಲಿಲ್ಲ. ಅವರ ಪ್ರಶ್ನೆಯೇ ಬದಲಾಗಿತ್ತು. ಮನೆಗೆ ಬಂದ ಕೆಲವೇ ದಿನಗಳಲ್ಲಿ ನನ್ನನ್ನು ಹೊಲದ ತುದಿಗೆ ಕರೆದುಕೊಂಡು ಹೋದರು. ಲಾರಿಗಳು ಕೊರೆದ ದಾರಿಯ ಪಕ್ಕದಲ್ಲಿ ದಡ ಮೂಗಿನ ಹಾಗೆ ನೀರಿನ ಮೇಲೆ ಚಾಚಿಕೊಂಡಿತ್ತು. ಅಡಿಯ ಮಣ್ಣೆಲ್ಲ ಹೋಗಿ ಬೇರುಗಳು ನೇತಾಡುತ್ತಿದ್ದವು. ಅಲ್ಲಿ ಕಾಲಿಡಲು ನನಗೇ ಭಯ.

"ನನ್ನ ಇಲ್ಲಿ ಮಡಗಿ" ಎಂದರು.

"ಅತ್ತೆ, ಇದು ಒಂದು ಮಳೆಗಾಲ ನಿಲ್ಲಲ್ಲ. ಹೊಳೆ ಬಂದ್ರೆ ಕುಸಿದೋಗ್ತದೆ."

"ಅದ್ಕೇ ಕಣಮ್ಮಿ" ಎಂದರು.

ನನಗೆ ಅಳು ಬಂತು. ಅವರು ಅಳಲಿಲ್ಲ. ನೀರನ್ನು ನೋಡುತ್ತಾ, ಪಕ್ಕದ ಊರಿಗೆ ಹೋಗುವ ದಾರಿ ಕೇಳಿ ತಿಳಿದುಕೊಂಡವರಂತೆ ನಿಂತಿದ್ದರು. ಮಗನಿಗೆ ಈಗಲೇ ಹೇಳಬೇಡ, ಆ ಹೊತ್ತಿಗೆ ನೀನೇ ಹೇಳು, ನಿನ್ನ ಮಾತು ಕೇಳ್ತಾನೆ ಎಂದರು.

ಆ ಬೇಸಿಗೆ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ನಿದ್ದೆಯಲ್ಲೇ ಹೋದರು. ಗಂಡ ಊರ ಮೇಲಿನ ಹುಣಸೆಮರದ ಹತ್ತಿರ ಗಟ್ಟಿ ನೆಲದಲ್ಲಿ ಗುಂಡಿ ತೋಡಲು ಆಳು ಕರೆದಿದ್ದರು. ನಾನು ಎಲ್ಲರ ಮುಂದೆ ಅಡ್ಡ ನಿಂತು, ದಡದ ಆ ಮೂಗಿನ ಮೇಲೇ ಹೂಳಬೇಕು, ಅತ್ತೆಯ ಆಸೆ ಅದು ಎಂದೆ. ನಂಟರೆಲ್ಲ ಬೈದರು, ನಾದಿನಿ ಒಬ್ಬಳು ಅವ್ವನ್ನ ಹೊಳೆಗೆ ಎಸೆಯಬೇಕಂತೀಯಾ ಎಂದಳು. ಗಂಡ ಮೊದಲ ಸಲ ನನ್ನ ಮೇಲೆ ಕೈ ಎತ್ತಲು ಬಂದವರು, ನಡುವೆ ನಿಲ್ಲಿಸಿ, "ಅವ್ವ ಹಂಗಂದ್ಲಾ?" ಎಂದು ಕೇಳಿದರು. ಅಂದರು ಎಂದೆ. ಅವರು ಹೋಗಿ ತಾವೇ ಗುದ್ದಲಿ ಹಿಡಿದರು. ತಲೆಗೆ ಕಲ್ಲು ನೆಡಲು ಹೊರಟಾಗ ನಾನೇ ಬೇಡವೆಂದೆ.

ಮುಂಗಾರಿನಲ್ಲಿ ದಡ ನಿಂತಿತು. ಊರವರೆಲ್ಲ ನೋಡಿದ್ಯಾ, ಏನೂ ಆಗಲಿಲ್ಲ ಎಂದರು. ಗಂಡನ ಮುಖ ಸ್ವಲ್ಪ ಬಿಚ್ಚಿಕೊಂಡಿತು. ನಾನು ಮಾತ್ರ ಪ್ರತಿ ಬೆಳಿಗ್ಗೆ ಹೋಗಿ ನೋಡಿ, ಇನ್ನೂ ಇದ್ದಾರಲ್ಲ ಎಂದು ಸಂಕಟಪಡುತ್ತಿದ್ದೆ. ಇಂಥ ಸಂಕಟವನ್ನು ಯಾರಿಗೆ ಹೇಳುವುದು. ಮಾಲಯ ಅಮಾವಾಸ್ಯೆಗೆ ಮೂರು ದಿನ ಇದೆ ಎನ್ನುವಾಗ ಮೇಲೆಲ್ಲೋ ಮಳೆ ಹೊಡೆದು, ಹೊಳೆ ಕೆಂಪಗೆ ಏರಿತು. ಬೆಳಿಗ್ಗೆ ಹೋಗಿ ನೋಡಿದಾಗ ಆ ಮೂಗು ಇರಲಿಲ್ಲ. ಕುಯ್ದಿಟ್ಟ ಹಾಗೆ ನೇರ ದಡ, ಕೆಳಗೆ ಸುಳಿ. ಗಂಡ ಮಗುವಿನಂತೆ ಅತ್ತರು. "ಅವ್ವ ಹೋದ್ಲು" ಎಂದರು. ಹೋಗಲಿಲ್ಲ, ಮುಟ್ಟಿದರು ಎಂದು ನಾನು ಹೇಳಿದೆ.

ಅಮಾವಾಸ್ಯೆಯ ದಿನ ಇಬ್ಬರ ಪಾಲಿನ ಅಡಿಗೆ ಮಾಡಿದೆ. ಎಲೆಗೆ ಬಡಿಸಿ, ದಡದಲ್ಲಿ ಕೂತು, ನೀರಿಗೆ ಬಿಟ್ಟೆ. ಎಲೆ ತೇಲಿಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಒಂದು ಸುತ್ತು ತಿರುಗಿ, ಅಲ್ಲೇ ನನ್ನ ಕಾಲ ಬುಡದಲ್ಲೇ, ಯಾರೋ ಕೆಳಗಿನಿಂದ ಮೆಲ್ಲಗೆ ತೆಗೆದುಕೊಂಡ ಹಾಗೆ ಮುಳುಗಿತು.

ಕೇಸು ಮುಗಿದಿಲ್ಲ. ಗಡಿಕಲ್ಲು ಸಿಕ್ಕಿದ್ದೇ ಹೊಸ ತಕರಾರಾಯಿತು, ಬುಡದಲ್ಲಿ ಇದ್ದಿಲು ಕಂಡಿದ್ದರೂ ಅದು ಮೊದಲಿನ ಜಾಗದಲ್ಲೇ ಇದೆಯೋ ಹೊಳೆ ತಂದು ನಿಲ್ಲಿಸಿದ್ದೋ ಎಂದು. ಮತ್ತೊಂದು ಅಳತೆ ಬಂತು. ಹೊಸ ಅಧಿಕಾರಿ ನಮ್ಮ ದಡದಲ್ಲಿ ನಿಂತು, ಯಾರ ಯಾರ ಸ್ವತ್ತು ಎಲ್ಲೆಲ್ಲಿದೆ ಎಂದು ಬರೆದುಕೊಳ್ಳುತ್ತಿದ್ದರು. ಪೆನ್ನಿನಿಂದ ನೀರಿನ ಕಡೆ ತೋರಿಸಿ, "ಅಲ್ಲಿ ನಿಮ್ಮ ಮನೆಯೋರ್ದು ಏನಾದ್ರೂ ಐತಾ?" ಎಂದು ನನ್ನ ಗಂಡನನ್ನು ಕೇಳಿದರು.

ಗಂಡ ನನ್ನ ಕಡೆ ನೋಡಿದರು. ನಾನು, "ಇಬ್ಬರಿದ್ದಾರೆ" ಎಂದೆ.

ಅಧಿಕಾರಿ ಅದನ್ನು ಬರೆದುಕೊಳ್ಳದೆ, ಮಳೆ ಹನಿಯತೊಡಗಿತೆಂದು ಜೀಪಿನ ಕಡೆ ನಡೆದರು.